ಡಿ ಕಾಣೆಯಾದ ದಿನಗಳು

ಮಾರ್ಚ್ 4, ಮಂಗಳವಾರ

ನನ್ನನ್ನು ಯಾರೂ ಕೇಳಲಿಲ್ಲ. ಬೆಳಿಗ್ಗೆ ಚಹಾದ ಲೋಟ ಹಿಡಿದು ಬಂದು ಕೂರುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ನವೀಕರಣ ಶುರುಮಾಡಿಕೊಂಡು, ನೀಲಿ ಪರದೆಯ ಮೇಲೆ ‘ನಿಮಗಾಗಿ ಎಲ್ಲವನ್ನೂ ಸಿದ್ಧಗೊಳಿಸುತ್ತಿದ್ದೇವೆ’ ಎಂದು ಬರೆದುಕೊಂಡು ಕೂತಿತ್ತು. ಎಲ್ಲವನ್ನೂ ಎಂದರೆ ಯಾವುದನ್ನು? ಸಿದ್ಧಗೊಳಿಸಿ ಎಂದು ನಾನು ಅರ್ಜಿ ಹಾಕಿದ್ದೆನೆ? ತಿಂಗಳುಗಟ್ಟಲೆ ‘ಆಮೇಲೆ ನೆನಪಿಸು’ ಎಂಬ ಗುಂಡಿಯನ್ನೇ ಒತ್ತುತ್ತ ಬಂದವನು ನಾನು. ಅದು ನೆನಪಿಸಲಿಲ್ಲ. ನುಗ್ಗಿತು.

ನವೀಕರಣ ಎಂಬ ಪದದ ಮೇಲೇ ನನಗೆ ತಕರಾರಿದೆ. ಬಸ್ ನಿಲ್ದಾಣವನ್ನು ನವೀಕರಿಸಿದಾಗ ಕೂರುವ ಬೆಂಚುಗಳು ಹೋದವು. ವಾಚನಾಲಯವನ್ನು ನವೀಕರಿಸಿದಾಗ ಪತ್ರಿಕೆಗಳು ಹೋದವು. ನಮ್ಮ ಬೀದಿಯನ್ನು ನವೀಕರಿಸುತ್ತೇವೆಂದು ಅಗೆದ ಹಳ್ಳ ಮೆಟ್ಟಿಲಿನ ಬುಡದಲ್ಲಿ ಈಗಲೂ ಬಾಯಿ ಬಿಟ್ಟುಕೊಂಡಿದೆ. ಇವತ್ತು ಕಂಪ್ಯೂಟರಿನ ಸರದಿ. ಸಿ ಇದೆ. ಡಿ ಇಲ್ಲ.

ಒಂದೇ ಡಿಸ್ಕನ್ನು ಎರಡು ಪಾಲು ಮಾಡಿಸಿದ್ದೆ. ಸಿ ಪಾಲಿನಲ್ಲಿ ಯಂತ್ರದ ಸಂಸಾರ, ಡಿ ಪಾಲಿನಲ್ಲಿ ನನ್ನದು. ನನ್ನದು ಎಂದರೆ ನನ್ನ ಧ್ವನಿ: ಕಣ್ಣು ಕಾಣದವರ ಶ್ರವಣ ಗ್ರಂಥಾಲಯಕ್ಕಾಗಿ ಗಟ್ಟಿಯಾಗಿ ಓದಿ ಧ್ವನಿಮುದ್ರಿಸುತ್ತಿದ್ದ ಸಾಕ್ಷ್ಯ ಕಾನೂನಿನ ದಪ್ಪ ಪಠ್ಯಪುಸ್ತಕ. ನಾಲ್ಕು ಅಧ್ಯಾಯ ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. ಆ ನಾಲ್ಕನ್ನಾದರೂ ಓದೋಣವೆಂದು ಮೈಕ್ ಚುಚ್ಚಿದರೆ ‘ಸಾಧನವನ್ನು ಗುರುತಿಸಲಾಗಲಿಲ್ಲ’ ಎಂಬ ಉತ್ತರ. ದಿನವೂ ಎದುರಿಗೇ ಕೂತಿದ್ದ ಮೈಕು. ರಾತ್ರಿ ಬೆಳಗಾಗುವುದರಲ್ಲಿ ಕಂಪ್ಯೂಟರ್ ಸಾಹೇಬರು ಅದರ ಗುರುತು ಸಿಗದಷ್ಟು ದೊಡ್ಡವರಾಗಿಬಿಟ್ಟರು.

ಮಾರ್ಚ್ 5, ಬುಧವಾರ

ಕಂಪ್ಯೂಟರಿನ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹಳ್ಳದ ಮೇಲಿನ ಹಲಗೆ ದಾಟಿ, ರಿಪೇರಿ ಅಂಗಡಿಗೆ ಹೋದೆ. ಅಂಗಡಿಯವನು ತಿಂಡಿ ತಿನ್ನುತ್ತಲೇ ಒಂದು ಕೈಯಲ್ಲಿ ನೋಡಿದ.

“ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್. ಡಿ ವಾಪಸ್ ಬರುತ್ತೆ.”

“ಡಿ ಒಳಗಿರೋದು?”

“ಅದು ಹೋಗುತ್ತೆ.”

“ಹಾಗಾದ್ರೆ ಬರೋದು ಏನಯ್ಯಾ?”

“ಡಿ, ಸಾರ್.”

“ಬಸ್ಸು ಬಂತು, ಜನಾನ ದಾರೀಲಿ ಸುರಿದು ಬಂತು ಅಂದ ಹಾಗಾಯ್ತಲ್ಲ.”

“ಖಾಲಿ ಬಸ್ಸು ತಾನೆ ಸಾರ್, ಕಾಲು ಚಾಚಿಕೊಂಡು ಕೂತ್ಕೊಳ್ಳಿ,” ಎಂದ. ಬಸ್ ಕಂಪನಿಯ ವೇಳಾಪಟ್ಟಿ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನ ಹತ್ತಿರ ಈ ಮಾತು. ಪೆಟ್ಟಿಗೆ ಎತ್ತಿಕೊಂಡು ಹೊರಟೆ.

ಆದರೆ ಅವನು ತೋರಿಸಿದ ಒಂದು ಚಿತ್ರ ಕಣ್ಣಿಗೆ ಕಟ್ಟಿದೆ. ಡಿಸ್ಕನ್ನು ಒಂದು ಉದ್ದದ ಪಟ್ಟಿಯ ಹಾಗೆ ತೋರಿಸುವ ಚಿತ್ರ ಅದು. ಎಡಗಡೆ ಸಿ. ಅದರ ಪಕ್ಕ, ನನ್ನ ಡಿ ಶುರುವಾಗಬೇಕಾದ ಜಾಗದಲ್ಲಿ, ಹೆಸರಿಲ್ಲದ ಒಂದು ಪುಟ್ಟ ಹೊಸ ಪಾಲು. ನವೀಕರಣ ಅದನ್ನು ತನ್ನ ಸ್ವಂತಕ್ಕೆಂದು ಕಟ್ಟಿಕೊಂಡಿದೆಯಂತೆ. ಆಮೇಲೆ ಕೊನೆಯವರೆಗೂ ಕಪ್ಪು: ‘ಹಂಚಿಕೆಯಾಗದ ಜಾಗ’. ಇದಕ್ಕೆ ಬೇರೆ ವಿವರಣೆ ಬೇಡ. ಒತ್ತುವರಿ. ನಿವೇಶನದ ಮೂಲೆಯಲ್ಲಿ ರಾತ್ರೋರಾತ್ರಿ ಒಂದು ಕೊಠಡಿ ಎಬ್ಬಿಸಿ, ಉಳಿದದ್ದಕ್ಕೆ ಯಾರೂ ಇಲ್ಲ ಎಂದು ಬೋರ್ಡು ಹಾಕಿದ್ದಾರೆ.

ಮಾರ್ಚ್ 7, ಶುಕ್ರವಾರ

ಗ್ರಂಥಾಲಯದ ಸಂಯೋಜಕಿಗೆ ಫೋನ್ ಮಾಡಿ ಹೇಳಬೇಕಾಯಿತು. “ಇನ್ನೊಂದು ಪ್ರತಿ ಇಟ್ಟಿರ್ಲಿಲ್ವಾ ಸಾರ್? ಕ್ಲೌಡಲ್ಲಿ?”

ನನ್ನ ಧ್ವನಿ ಇನ್ನೊಬ್ಬರ ಮೋಡದಲ್ಲಿ ಯಾಕಿರಬೇಕು? ಮೋಡ ಎಂದು ಹೆಸರಿಟ್ಟ ಮೇಲೂ ಜನ ಅದನ್ನು ನಂಬುತ್ತಾರಲ್ಲ, ಅದಕ್ಕೆ ಏನೆನ್ನಬೇಕು. ಇದನ್ನೆಲ್ಲ ಹೇಳಿದೆ. ಅಧ್ಯಾಯ ಮುಗಿದ ಹಾಗೆ ಕಳಿಸಿಬಿಟ್ಟಿದ್ದರೆ ಉಳಿಯುತ್ತಿರಲಿಲ್ಲವೇ ಎಂದು ಆಕೆ ಕೇಳಿದಳು. ತಪ್ಪುಗಳನ್ನು ತಿದ್ದದೆ ಕಳಿಸುವ ಜಾತಿ ನಾನಲ್ಲ ಎಂದೆ. ಆಕೆ ನಿಟ್ಟುಸಿರು ಬಿಟ್ಟು, “ಈ ಪುಸ್ತಕಕ್ಕೆ ಒಬ್ರು ದಿನಾ ಫೋನ್ ಮಾಡಿ ಪ್ರಾಣ ತಿಂತಿದ್ದಾರೆ. ನಾನೇನು ಹೇಳ್ಲಿ?” ಎಂದಳು.

“ನಿಜ ಹೇಳಿ. ನಂಬರ್ ಕೊಡಿ, ನಾನೇ ಹೇಳ್ತೀನಿ,” ಎಂದೆ. ಹಾಗೆ ಹೇಳುವವರು ಇಲ್ಲದೆಯೇ ಈ ಸಮಾಜ ಹೀಗಾಗಿರುವುದು.

ಮಾರ್ಚ್ 9, ಭಾನುವಾರ

ಅಕ್ಕನ ಫೋನು. ಭಾನುವಾರದ ಫೋನು ಯಾವಾಗಲೂ ಒಂದೇ. “ಊಟ ಆಯ್ತೇನೋ? ಮಂಡಿ ನೋವು ಹೇಗಿದೆ? ಸರಿ ಇಡ್ತೀನಿ, ಇಲ್ಲಿ ಮೊಮ್ಮಗು ಏನೋ ಬಾಯಿಗೆ ಹಾಕ್ಕೊಂಡಿದೆ.” ಡಿ ಕಾಣೆಯಾದದ್ದನ್ನು ಹೇಳಿದೆ. “ಯಾರು, ನಿನ್ನ ಆಫೀಸಿನೋನಾ?” ಎಂದಳು.

ಹಳ್ಳದ ಬಗ್ಗೆ ಪತ್ರಿಕೆಗೆ ಇನ್ನೊಂದು ಕಾಗದ ಬರೆದೆ.

ಮಾರ್ಚ್ 10, ಸೋಮವಾರ

ಮಧ್ಯಾಹ್ನ ಫೋನ್ ಬಂತು. ನಮಸ್ಕಾರ ಇಲ್ಲ, ಪರಿಚಯ ಇಲ್ಲ. “ಸಾಕ್ಷ್ಯಾನೆಲ್ಲ ನುಂಗಿ ಕೂತಿರೋರು ನೀವೇನಾ?”

ಗ್ರಂಥಾಲಯಕ್ಕೆ ದಿನಾ ಫೋನ್ ಮಾಡುತ್ತಿದ್ದವರು ಇವರೇ, ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್; ಸಂಯೋಜಕಿ ನನ್ನ ನಂಬರ್ ಕೊಟ್ಟಿದ್ದಾಳೆ. ಮದುವೆಯಾಗಿ ಮಗಳು ಶಾಲೆಗೆ ಹೋಗುವ ಹೊತ್ತಿಗೆ ಕಣ್ಣು ಹೋಯಿತಂತೆ. ಜೂನ್ ತಿಂಗಳಲ್ಲಿ ಆಸ್ಪತ್ರೆಯವರು ಕರೆಗಳಿಗೆ ತಾನೇ ಉತ್ತರಿಸುವ ಯಂತ್ರ ತರುತ್ತಾರೆ, ಈಕೆಯ ಕೊಠಡಿ ಮುಚ್ಚುತ್ತದೆ. ಕಾನೂನು ನೆರವು ಕೇಂದ್ರದಲ್ಲಿ ಸಹಾಯಕರ ಹುದ್ದೆ ಇದೆ, ಅದಕ್ಕೆ ಏಪ್ರಿಲ್ 12ರಂದು ಪರೀಕ್ಷೆ. ಬೇರೆ ವಿಷಯಗಳ ಪುಸ್ತಕ ಕೇಳಿ ಮುಗಿಸಿದ್ದಾರೆ. ಸಾಕ್ಷ್ಯ ಕಾನೂನು ಮಾತ್ರ ನನ್ನ ಡಿಸ್ಕಿನೊಳಗಿದೆ.

ನಾನು ನವೀಕರಣದ ಅನ್ಯಾಯವನ್ನು ಮೊದಲಿನಿಂದ ವಿವರಿಸಿದೆ. ಪೂರ್ತಿ ಕೇಳಿ, “ಅದೆಲ್ಲ ಸರಿ. ಬಾಯಿ ಸರಿಯಾಗಿದೆ ತಾನೆ?” ಎಂದರು.

“ಅಂದ್ರೆ?”

“ಪುಸ್ತಕ ನಿಮ್ಮ ಹತ್ರ ಇದೆ. ಬಾಯಿನೂ ಇದೆ. ನಂಗೆ ಕಿವಿ ಇದೆ. ನಡುವೆ ಕಂಪ್ಯೂಟರ್ ಯಾಕೆ? ಫೋನಲ್ಲೇ ಓದಿ. ಎರಡು ಗಂಟೆಗೆ ಡಾಕ್ಟರ್‌ಗಳು ಊಟಕ್ಕೆ ಹೋಗ್ತಾರೆ, ಲೈನು ಸ್ವಲ್ಪ ಖಾಲಿ ಇರುತ್ತೆ.”

ನಾನು ಧ್ವನಿಮುದ್ರಣಕ್ಕೆ ಓದುವವನು, ಹರಟೆಗಲ್ಲ ಎಂದೆ. ತಾತ್ಕಾಲಿಕ ವ್ಯವಸ್ಥೆ ಎಂದು ಒಪ್ಪಿಕೊಂಡೆ. ಡಿ ಸಿಗುವವರೆಗೆ.

ಮಾರ್ಚ್ 11, ಮಂಗಳವಾರ

ಹೀಗೆ ಓದುವುದು ಅಸಾಧ್ಯ. ಒಂದು ವಾಕ್ಯ ಮುಗಿಯುವುದಿಲ್ಲ, “ಒಂದು ನಿಮಿಷ,” ಎನ್ನುತ್ತಾರೆ. ಆಮೇಲೆ ಬೇರೆ ಯಾರಿಗೋ, “ನಮಸ್ಕಾರ, ಆಸ್ಪತ್ರೆ. ಮೂಳೆ ವಿಭಾಗಾನಾ? ಬಿದ್ದಿದ್ದು ಯಾರು, ನೀವಾ ನಿಮ್ಮತ್ತೇನಾ? ಕೊಡ್ತೀನಿ.” ಮತ್ತೆ ನನಗೆ, “ಹಾಂ, ಎಲ್ಲಿದ್ವಿ?”

“ಕೇಳಿಕೆಯ ಸಾಕ್ಷ್ಯದಲ್ಲಿ. ತಾನು ಸ್ವತಃ ನೋಡದೆ ಇನ್ನೊಬ್ಬರಿಂದ ಕೇಳಿದ್ದು ಸಾಕ್ಷ್ಯವಾಗುವುದಿಲ್ಲ.”

“ಓ, ಹಾಗಾದ್ರೆ ನಂದು ಇಡೀ ಬದುಕು ವಜಾ!”

ನಗು ಬಂದುಬಿಟ್ಟಿತು. ಪುಸ್ತಕದಲ್ಲಿ ಪುಟದ ಗುರುತು ತಪ್ಪಿತು. ನಾನು ಬಸ್ ಕಂಪನಿಯವನೆಂದು ತಿಳಿದ ಮೇಲೆ ‘ವೇಳಾಪಟ್ಟಿ ಸಾರ್’ ಎಂದು ಕರೆಯತೊಡಗಿದ್ದಾರೆ. ಅಂಥ ಸಲಿಗೆ ನನಗೆ ಹಿಡಿಸುವುದಿಲ್ಲ.

ಮಾರ್ಚ್ 14, ಶುಕ್ರವಾರ

ಡಿಸ್ಕಿನ ತೊಂದರೆಗಳನ್ನು ಚರ್ಚಿಸುವ ಒಂದು ಜಾಲತಾಣದಲ್ಲಿ ನನ್ನ ಪ್ರಶ್ನೆ ಹಾಕಿದ್ದೆ. ಹಲವರು ಹಲವು ಹೇಳಿದರು. ಒಬ್ಬ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ಎಂದ. ಅವನು ಯಾವ ಇಲಾಖೆಯಲ್ಲಿ ಕೆಲಸ ಮಾಡಿರಬಹುದೆಂದು ಊಹಿಸಬಲ್ಲೆ. ‘ಹಳೇಬೀಗ’ ಎಂಬ ಅಡ್ಡಹೆಸರಿನವರೊಬ್ಬರ ಉತ್ತರ ಮಾತ್ರ ಓದುವ ಹಾಗಿತ್ತು: ‘ಮನೆ ಕೆಡವಿಲ್ಲ. ಮನೆ ನಂಬರಿನ ತಗಡು ಕಿತ್ತಿದ್ದಾರೆ ಅಷ್ಟೆ. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂಬ ಕೋಷ್ಟಕದಲ್ಲಿ ನಿಮ್ಮ ಸಾಲು ಅಳಿಸಿದೆ, ಒಳಗಿನ ಸಾಮಾನು ಇದ್ದಲ್ಲೇ ಇದೆ. ಡಿಸ್ಕಿನ ಮೇಲೆ ಏನನ್ನೂ ಬರೆಯಬೇಡಿ. ಪೆನ್‌ಡ್ರೈವಿನಿಂದ ಬೇರೊಂದು ವ್ಯವಸ್ಥೆ ಹಚ್ಚಿ, ಹುಡುಕುವ ತಂತ್ರಾಂಶ ಓಡಿಸಿ, ಸಿಕ್ಕಿದ್ದನ್ನು ಮೊದಲು ಹೊರಗೆ ನಕಲು ಮಾಡಿ. ಕೋಷ್ಟಕ ಸರಿಮಾಡುವುದು ಆಮೇಲೆ.’

ಇಂಥ ಕನ್ನಡವನ್ನು ಒಂದೇ ಒಂದು ಸರಕಾರಿ ಸುತ್ತೋಲೆಯಲ್ಲೂ ಕಾಣಲಿಲ್ಲ, ಇಡೀ ಸೇವಾವಧಿಯಲ್ಲಿ.

ಹೊಸ ಮೈಕ್ ಕೊಂಡೆ. ಅದನ್ನೂ ಗುರುತಿಸುವುದಿಲ್ಲವಂತೆ.

ಮಾರ್ಚ್ 17, ಸೋಮವಾರ

ಪೆನ್‌ಡ್ರೈವಿನಿಂದ ಯಂತ್ರ ಎದ್ದಿತು. ಹುಡುಕಾಟ ಅರ್ಧ ದಾರಿಗೆ ಬಂದಾಗ ಡಿಸ್ಕೇ ಮಾಯ. ಪಟ್ಟಿಯಲ್ಲಿ ಹೆಸರೇ ಇಲ್ಲ. ಪೆಟ್ಟಿಗೆ ಬಿಚ್ಚಿ ನೋಡಿದರೆ ಡಿಸ್ಕಿನ ಕೇಬಲ್ ಸಡಿಲ; ಅಂಗಡಿಯವನು ಒಂದು ಕೈಯಲ್ಲಿ ಚುಚ್ಚಿದ್ದು. ಇನ್ನೊಂದು ಕೈ ತಿಂಡಿಯ ಮೇಲಿತ್ತಲ್ಲ. ಹೊಸ ಕೇಬಲ್ ತಂದು ಮೊದಲಿನಿಂದ ಶುರುಮಾಡಿದೆ.

ಎರಡು ಗಂಟೆಗೆ ಸಾಯುವವನ ಹೇಳಿಕೆಯ ಅಧ್ಯಾಯ. ಸಾಯುತ್ತಿರುವವನು ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಅದನ್ನು ಒಪ್ಪುತ್ತಾರೆ. ಆಪರೇಟರ್ ಒಪ್ಪಲಿಲ್ಲ. “ನಾನು ದಿನಾ ಕೇಳ್ತೀನಲ್ಲ ಸಾರ್. ಎಷ್ಟೋ ಜನ ಕೊನೇ ಫೋನಲ್ಲಿ ‘ಚೆನ್ನಾಗಿದ್ದೀನಿ, ನೀನು ಬರ್ಬೇಡ’ ಅಂತಾನೇ ಹೇಳೋದು. ಅದು ಸುಳ್ಳಲ್ವಾ?”

ಅದು ಬೇರೆ ಥರದ ಸುಳ್ಳು ಎಂದೆ. “ಥರಗಳು ಯಾವ ಪುಟದಲ್ಲಿವೆ?” ಎಂದರು. ವಾದ ಬೆಳೆದು ಮೂರು ಗಂಟೆ ದಾಟಿತು. ಅವರ ಮೇಲಿನವರು ಬಂದು ಗದರಿದ್ದು ನನಗೂ ಕೇಳಿಸಿತು.

ಮಾರ್ಚ್ 20, ಗುರುವಾರ

ಹುಡುಕಾಟ ಒಂದು ಪಾಲನ್ನು ಪತ್ತೆ ಮಾಡಿತು. ಆದರೆ ಅದು ನನ್ನ ಡಿ ಅಲ್ಲ. ಬಹಳ ಹಿಂದೆ, ಈ ಡಿಸ್ಕನ್ನು ಬೇರೆ ರೀತಿ ಹಂಚಿದ್ದ ಕಾಲದ ಗುರುತು. ಒಳಗೆ ಮುರುಕು ಹೆಸರುಗಳು, ಅರ್ಧ ಕಡತಗಳು, ನಾನೇ ಮರೆತ ಒಂದು ದೂರಿನ ಮೊದಲ ಸಾಲು: ‘ಮಾನ್ಯರೇ, ಈ ಹಿಂದೆ ಬರೆದ ಪತ್ರಗಳಿಗೆ ಉತ್ತರ ಬಾರದ ಕಾರಣ’. ಅಷ್ಟೇ. ಮುಂದಿನದು ಇಲ್ಲ. ಡಿಸ್ಕು ಅಳಿಸಿದ್ದನ್ನೂ ಇಷ್ಟು ವರ್ಷ ಇಟ್ಟುಕೊಂಡಿದೆ. ನನ್ನ ಹಾಗೆಯೇ.

ಪುರಸಭೆಯಲ್ಲಿ ಇವತ್ತು ಬೀದಿಯ ಬಗ್ಗೆ ನಾಗರಿಕರ ಸಭೆ ಇತ್ತು. ಕೈಯೆತ್ತಿ ಕೂತಿದ್ದೆ, ನನ್ನ ಸರದಿ ಬರುವಷ್ಟರಲ್ಲಿ ಒಂದೂವರೆ ಆಯಿತು. ಎದ್ದು ಬಂದುಬಿಟ್ಟೆ. ಎರಡಕ್ಕೆ ಕೂತು ಓದಬೇಕಿತ್ತು.

ಮಾರ್ಚ್ 23, ಭಾನುವಾರ

ಭಾನುವಾರ ಆಪರೇಟರ್‌ಗೆ ರಜೆ. ಓದು ಇಲ್ಲ. ಅಕ್ಕ ಫೋನ್ ಮಾಡಿ ಇಟ್ಟಳು. ನಾಳೆಯ ಪಾಠವನ್ನು ಮುಂಚೆಯೇ ಒಮ್ಮೆ ಗಟ್ಟಿಯಾಗಿ ಓದಿಕೊಂಡೆ. ಎಲ್ಲಿ ತಕರಾರು ಎತ್ತುತ್ತಾರೆಂದು ಊಹಿಸಿ ಉತ್ತರ ತಯಾರು ಮಾಡಿಟ್ಟುಕೊಂಡೆ. ಸಂಜೆ ತುಂಬ ಉದ್ದ.

ಮಾರ್ಚ್ 25, ಮಂಗಳವಾರ

ಮುಂದಿನ ಸೋಮವಾರದಿಂದ ಶನಿವಾರದವರೆಗೆ ರಜೆ ಹಾಕಿದ್ದಾರಂತೆ, ಪರೀಕ್ಷೆಗೆ ಓದಲು. ಇದ್ದ ರಜೆಯೆಲ್ಲ ಅದೇ. ಮಗಳು ಶಾಲೆಗೆ, ಗಂಡ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ.

“ಅಷ್ಟರಲ್ಲಿ ನಿಮ್ಮ ಡಿ ಸಿಕ್ರೆ ಪುಣ್ಯ ಬರುತ್ತೆ ಸಾರ್. ರೆಕಾರ್ಡಿಂಗ್ ಇದ್ರೆ ನಾನು ಎರಡರಷ್ಟು ವೇಗದಲ್ಲಿ ಕೇಳ್ತೀನಿ. ಬೆಳಿಗ್ಗೆಯಿಂದ ಸಂಜೆವರೆಗೆ ಕೂತ್ರೆ ವಾರದಲ್ಲಿ ಎರಡು ಸಲ ತಿರುವಿ ಹಾಕ್ಬಹುದು ಇಡೀ ಪುಸ್ತಕಾನ.”

“ಎರಡರಷ್ಟು ವೇಗದಲ್ಲಿ ನನ್ನ ಧ್ವನಿ ಹೇಗಿರುತ್ತೆ?”

“ಕೋಪ ಬಂದ ಅಳಿಲಿನ ಥರ ಇರುತ್ತೆ. ನಿಮಗೆ ಅದು ಅಷ್ಟೇನೂ ದೂರ ಅಲ್ಲ.”

ಸಿಗುತ್ತದೆ ಎಂದೆ. ಸಿಕ್ಕೇ ಸಿಗುತ್ತದೆ.

ಮಾರ್ಚ್ 27, ಗುರುವಾರ

ಸಿಕ್ಕಿತು.

ಹಳೇಬೀಗ ಹೇಳಿದ ಹಾಗೆ ಹುಡುಕಾಟವನ್ನು ಇನ್ನೂ ಆಳಕ್ಕೆ ಬಿಟ್ಟಿದ್ದೆ. ಊಟ ಮಾಡುತ್ತಿದ್ದಾಗ ಪರದೆಯ ಮೇಲೆ ಹಸಿರು ಸಾಲೊಂದು ಬಂದು ನಿಂತಿತು. ಒಳಗೆ ನೋಡಿದರೆ ಅಧ್ಯಾಯ ಒಂದು, ಅಧ್ಯಾಯ ಎರಡು, ಎಲ್ಲವೂ ಸಾಲಾಗಿ. ಒಂದನ್ನು ಹಚ್ಚಿದೆ. ನನ್ನ ಧ್ವನಿಯೇ. ಏನನ್ನೂ ಬರೆಯದೆ, ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡು, ಫೋಲ್ಡರಿಗೆ ಹೆಸರು ಕೊಟ್ಟು, ಆಮೇಲೆ ಕೋಷ್ಟಕ ಸರಿಮಾಡಿದೆ. ಡಿ ತನ್ನ ಜಾಗದಲ್ಲಿ ಕೂತಿತು. ಮೈಕಿನದು ನಗುವಂಥ ವಿಷಯ: ನವೀಕರಣ ಬಂದಾಗ ಮೈಕ್ ಬಳಸುವ ಅನುಮತಿಯನ್ನೇ ಮುಚ್ಚಿ, ಧ್ವನಿಯ ಹಳೆಯ ಚಾಲಕ ತಂತ್ರಾಂಶವನ್ನು ತೆಗೆದುಹಾಕಿತ್ತು. ಅದನ್ನು ಹಾಕಿ ಅನುಮತಿ ತೆರೆದ ಕೂಡಲೇ ಎರಡೂ ಮೈಕುಗಳು ಒಟ್ಟಿಗೇ ಕೆಲಸ ಮಾಡತೊಡಗಿದವು.

ಹಳೇಬೀಗರಿಗೆ ಕೃತಜ್ಞತೆ ಬರೆದೆ. ಜಾಲತಾಣದವರು ಕೂಡಲೇ ‘ಬಗೆಹರಿದಿದೆ’ ಎಂಬ ಮುದ್ರೆ ಒತ್ತಿ ಚರ್ಚೆಯನ್ನೇ ಮುಚ್ಚಿದರು. ಅವರು ಉತ್ತರಿಸಬೇಕೆಂದಿದ್ದರೂ ಈಗ ಆಗುವುದಿಲ್ಲ.

ಈ ಗಡಿಬಿಡಿಯಲ್ಲಿ ಎರಡು ಗಂಟೆ ಆಗಿಹೋಗಿತ್ತು. ಫೋನ್ ಬಂತು. ಪಾಠ ಅರ್ಧಕ್ಕೆ ನಿಂತಿತ್ತಾದ್ದರಿಂದ ಮೊದಲು ಅದನ್ನು ಮುಗಿಸಿದೆ. ಹೇಳಲು ಸಂದರ್ಭ ಬರಲಿಲ್ಲ. ನಾಳೆ ಹೇಳುತ್ತೇನೆ.

ಮಾರ್ಚ್ 28, ಶುಕ್ರವಾರ

ಕಡತಗಳನ್ನು ಪರಿಶೀಲಿಸದೆ ಕೊಡುವುದು ಸರಿಯಲ್ಲ. ಮರಳಿ ಬಂದ ಕಡತ ಹೊರಗೆ ಸರಿಯಿದ್ದು ಒಳಗೆ ಕೆಟ್ಟಿರಬಹುದೆಂದು ಹಳೇಬೀಗರೇ ಒಂದು ಕಡೆ ಬರೆದಿದ್ದರು. ಪರೀಕ್ಷೆಯ ವಿಷಯ, ಒಂದು ಪದ ಹೆಚ್ಚುಕಡಿಮೆಯಾದರೆ ಹೊಣೆ ಯಾರು? ಎಲ್ಲವನ್ನೂ ಒಮ್ಮೆ ಕೇಳಿ ನೋಡಬೇಕು.

“ಡಿ ಏನಾಯ್ತು ಸಾರ್?” ಎಂದು ಕೇಳಿದರು. “ಕೆಲಸ ನಡೀತಾ ಇದೆ,” ಎಂದೆ. ನಡೆಯುತ್ತಲೇ ಇದೆ.

ಮಾರ್ಚ್ 30, ಭಾನುವಾರ

ಮೂರು ಅಧ್ಯಾಯ ಕೇಳಿದೆ. ಸರಿಯಾಗಿವೆ. ಆದರೆ ಮೂರನೆಯದರಲ್ಲಿ ಬೀದಿ ಅಗೆಯುವ ಯಂತ್ರದ ಸದ್ದು ಹಿಂದೆ ಗುಂಯ್ಗುಡುತ್ತದೆ. ಇದನ್ನು ತೆಗೆಯಬಹುದು, ಸಮಯ ಬೇಕು. ಅರೆಬರೆ ಕೆಲಸವನ್ನು ಹಂಚುವ ಸಂಸ್ಥೆಗಳನ್ನು ಜೀವಮಾನವಿಡೀ ಟೀಕಿಸಿದವನು ನಾನು.

ಅಕ್ಕ ಫೋನ್ ಮಾಡಿದಾಗ ಲೈನಿನಲ್ಲಿ ಬೇರೆ ಕರೆ ಬರಬಹುದೆಂದು ನಾನೇ ಬೇಗ ಇಟ್ಟೆ. ಭಾನುವಾರ ಯಾವ ಕರೆ ಬರುತ್ತದೆ?

ಏಪ್ರಿಲ್ 1, ಮಂಗಳವಾರ

ರಜೆಯ ವಾರವಾದ್ದರಿಂದ ಬೆಳಿಗ್ಗೆಯೂ ಓದು, ಮಧ್ಯಾಹ್ನವೂ ಓದು. ಅವರು ಮನೆಯಿಂದ ಮಾತಾಡುವುದರಿಂದ ನಡುವೆ ಕರೆಗಳ ಕಾಟವಿಲ್ಲ. ಕುಕ್ಕರ್ ಕೂಗುವುದು, ಬಾಗಿಲು ಬಡಿಯುವುದು, ಪಕ್ಕದ ಮನೆಯವರ ಜೊತೆ ನೀರಿನ ಜಗಳ, ಎಲ್ಲ ಕೇಳಿಸುತ್ತದೆ. “ನಿಮ್ಮ ಮನೇಲಿ ಏನೂ ಸದ್ದೇ ಇಲ್ವಲ್ಲ ಸಾರ್,” ಎಂದರು. ಇದೆ, ಫ್ಯಾನ್ ಇದೆ ಎಂದೆ. “ಫ್ಯಾನ್ ಸದ್ದು ಸದ್ದಲ್ಲ,” ಎಂದರು.

ಚಹಾ ಎರಡು ಸಲ ಕಾಯಿಸಿದೆ, ಎರಡು ಸಲವೂ ಆರಿಹೋಯಿತು. ಒಳ್ಳೆಯ ದಿನ.

ಏಪ್ರಿಲ್ 3, ಗುರುವಾರ

ಗಂಟಲು ಕಟ್ಟಿದೆ. ಆದರೂ ಎರಡು ಅಧ್ಯಾಯ ಮುಗಿಸಿದೆವು. ಅವರು ಉತ್ತರಗಳನ್ನು ಹೇಳಿ ತೋರಿಸುತ್ತಾರೆ, ನಾನು ತಿದ್ದುತ್ತೇನೆ. “ವೇಳಾಪಟ್ಟಿ ಸಾರ್, ನೀವು ನಡುನಡುವೆ ಪುರಸಭೇನ ಬೈಯದೆ ಇದ್ರೆ ಇನ್ನೂ ಹತ್ತು ಪುಟ ಆಗಿರೋದು,” ಎಂದರು. ಬೈದದ್ದು ನನಗೆ ನೆನಪಿಲ್ಲ. ಈಚೆಗೆ ನಾನು ಪುರಸಭೆಗೆ ಒಂದು ಕಾಗದವನ್ನೂ ಬರೆದಿಲ್ಲ.

ಸದ್ದು ತೆಗೆಯುವ ಕೆಲಸ ಇನ್ನೂ ಶುರುಮಾಡಿಲ್ಲ.

ಏಪ್ರಿಲ್ 5, ಶನಿವಾರ

ರಜೆಯ ಕೊನೆಯ ದಿನ. ಓದು ಮುಗಿದ ಮೇಲೂ ಅವರು ಫೋನ್ ಇಡಲಿಲ್ಲ.

“ಸಾರ್, ಈ ಸಲ ಬಿಟ್ಟುಬಿಡೋಣ ಅಂತಿದ್ದೀನಿ.”

“ಏನನ್ನ?”

“ಪರೀಕ್ಷೇನ. ಪುಸ್ತಕ ಅರ್ಧಾನೂ ಆಗ್ಲಿಲ್ಲ. ಆಗಿದ್ದನ್ನ ಇನ್ನೊಂದ್ಸಲ ಕೇಳೋಕೆ ದಾರಿ ಇಲ್ಲ. ನಿಮ್ಮ ಗಂಟ್ಲೂ ಹೋಯ್ತು. ತಪ್ಪು ನಿಮ್ಮದಲ್ಲ, ನಿಮ್ಮ ಹಾಳು ಯಂತ್ರದ್ದು. ಇಷ್ಟು ದಿನ ಓದಿದ್ರಲ್ಲ, ಹೆತ್ತ ಅಣ್ಣಂದಿರೂ ಮಾಡಲ್ಲ.”

“ಹೆತ್ತ ಅಣ್ಣಂದಿರು ಅನ್ನೋ ಮಾತಿಲ್ಲ. ಒಡಹುಟ್ಟಿದ.”

“ನೋಡಿ, ಗಂಟ್ಲು ಕಟ್ಟಿದ್ರೂ ತಿದ್ದೋದು ಕಟ್ಟಿಲ್ಲ,” ಎಂದು ನಕ್ಕರು. ಆ ನಗು ಚೆನ್ನಾಗಿರಲಿಲ್ಲ. “ಜೂನ್ ಆದ್ಮೇಲೆ ಏನೋ ನೋಡೋಣ. ಮುಂದಿನ ವರ್ಷ ಮತ್ತೆ ಪರೀಕ್ಷೆ ಕರೀತಾರಲ್ಲ. ಆಗ್ಲೂ ನೀವೇ ಓದಿ.”

ಓದುತ್ತೇನೆ ಎಂದೆ. ಮುಂದಿನ ವರ್ಷ. ಒಂದು ಕ್ಷಣ ನನಗೆ ಸಂತೋಷವೇ ಆಯಿತು.

ಏಪ್ರಿಲ್ 6, ಭಾನುವಾರ

ಕೊಡಬೇಕು.

ಏಪ್ರಿಲ್ 7, ಸೋಮವಾರ

ಬಸ್ಸಿನಲ್ಲಿ ಆಸ್ಪತ್ರೆಗೆ ಹೋದೆ. ಬಸ್ಸು ತಡ, ಯಾಕೆಂದು ಕೇಳಲಿಲ್ಲ. ಗೇಟಿನ ಕಾವಲುಗಾರನಿಗೆ ಪೆನ್‌ಡ್ರೈವ್ ಇದ್ದ ಲಕೋಟೆ ಕೊಟ್ಟು, ಟೆಲಿಫೋನ್ ಕೊಠಡಿಗೆ ತಲುಪಿಸಿ ಎಂದೆ. “ಅಲ್ಲೇ ಇದ್ದಾರೆ ಸಾರ್, ಕಾರಿಡಾರಿನ ಕೊನೆ ಬಾಗ್ಲು. ನೀವೇ ಕೊಡಿ,” ಎಂದ. ಬಾಗಿಲು ಕಾಣುತ್ತಿತ್ತು. ಅರ್ಧ ತೆರೆದಿತ್ತು. “ನಮಸ್ಕಾರ, ಆಸ್ಪತ್ರೆ,” ಎಂಬುದು ಕೇಳಿಸಿತು.

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಬಂದೆ. ಮುಂದಿನ ಬಸ್ಸು ಬರಲು ಇನ್ನೂ ಬಹಳ ಹೊತ್ತಿತ್ತು.

ಎರಡು ಗಂಟೆಗೆ ನಾನೇ ಫೋನ್ ಮಾಡಿದೆ. “ಡಿ ಸಿಕ್ಕಿತು. ಇವತ್ತು ಬೆಳಿಗ್ಗೆ.” ಅವರು ಕೂಗಿಕೊಂಡದ್ದಕ್ಕೆ ಕಿವಿಯಿಂದ ಫೋನನ್ನು ದೂರ ಹಿಡಿಯಬೇಕಾಯಿತು. “ಬರೀತೀನಿ ಸಾರ್ ಪರೀಕ್ಷೆ! ಇನ್ನೂ ಐದು ದಿನ ಇದೆ. ಅಳಿಲಿಗೆ ನಿದ್ದೆ ಇಲ್ಲ!” ಉಳಿದ ನಾಲ್ಕು ಅಧ್ಯಾಯ ಓದಿ ಮುದ್ರಿಸಿ ಕಳಿಸುತ್ತೇನೆ ಎಂದೆ. ಇನ್ನು ಫೋನಿನಲ್ಲಿ ಓದುವುದು ಬೇಕಾಗುವುದಿಲ್ಲ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಏಪ್ರಿಲ್ 8, ಮಂಗಳವಾರ

ಎರಡು ಗಂಟೆಗೆ ಫೋನ್ ಬಂತು.

“ಸಾರ್, ಡಿ ನಿನ್ನೆ ಬೆಳಿಗ್ಗೆ ಸಿಕ್ತು ಅಂದ್ರಿ.”

“ಹೌದು.”

“ನನ್ನ ಕಂಪ್ಯೂಟರ್ ಎಲ್ಲ ಗಟ್ಟಿಯಾಗಿ ಓದುತ್ತೆ ಸಾರ್. ಒಳಗಿರೋದನ್ನ ತೆಗೆಯೋಕೆ ಮುಂಚೆ ಫೋಲ್ಡರ್ ಹೆಸರು ಓದುತ್ತೆ. ‘ಡಿ, ಮರಳಿ ಬಂದದ್ದು, ಮಾರ್ಚ್ ಇಪ್ಪತ್ತೇಳು, ಗುರುವಾರ, ಮಧ್ಯಾಹ್ನ.’”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ವಾರಾನೂ ಬರೆದಿದ್ದೀರಿ.”

“ಸದ್ದು ಇತ್ತು,” ಎಂದೆ. “ಮೂರನೇ ಅಧ್ಯಾಯದಲ್ಲಿ. ಪರಿಶೀಲನೆ ಮಾಡ್ದೆ ಕೊಡೋದು...”

“ನನ್ನ ರಜೆ ಮೂವತ್ತೊಂದಕ್ಕೆ ಶುರುವಾಯ್ತು ಸಾರ್.”

ಕೋಪದ ಧ್ವನಿಯಲ್ಲ. ವಾರ್ಡಿನ ನಂಬರ್ ಹೇಳುವ ಧ್ವನಿ. ಆಮೇಲೆ, “ಒಂದು ನಿಮಿಷ,” ಎಂದರು. ಕಾಯುವವರಿಗೆಂದು ಆಸ್ಪತ್ರೆಯವರು ಹಾಕಿರುವ ಸಂಗೀತ ಶುರುವಾಯಿತು. ಅದು ಮುಗಿದು ಮತ್ತೆ ಮೊದಲಿನಿಂದ ಬಂತು. ಕೊನೆಗೆ ಲೈನು ತಾನಾಗಿಯೇ ಕಡಿದುಹೋಯಿತು.

ಫೋಲ್ಡರಿಗೆ ತಾರೀಕು ಹಾಕುವುದು ಸರಿಯಾದ ಪದ್ಧತಿ. ಅದರಲ್ಲಿ ತಪ್ಪಿಲ್ಲ.

ಏಪ್ರಿಲ್ 9, ಬುಧವಾರ

ನಾಲ್ಕು ಅಧ್ಯಾಯಗಳನ್ನು ಮುದ್ರಿಸಿ ಮುಗಿಸಿದೆ. ಗಂಟಲು ಕಟ್ಟಿದ ಧ್ವನಿಯಲ್ಲೇ, ತಪ್ಪುಗಳನ್ನು ತಿದ್ದದೆ, ಬೀದಿಯಲ್ಲಿ ಮತ್ತೆ ಶುರುವಾದ ಅಗೆಯುವ ಯಂತ್ರದ ಸದ್ದಿನ ಸಮೇತ. ಕಾವಲುಗಾರನ ಕೈಗೆ ಕೊಟ್ಟು ಬಂದೆ. ಈ ಸಲ ಅವನು ಒಳಗೆ ಹೋಗಿ ಎನ್ನಲಿಲ್ಲ.

ಏಪ್ರಿಲ್ 12, ಶನಿವಾರ

ಇವತ್ತು ಪರೀಕ್ಷೆ. ಬೆಳಿಗ್ಗೆಯಿಂದ ಯಾವುದರಲ್ಲೂ ಕೈ ಓಡಲಿಲ್ಲ. ಸಂಜೆ, ಬಟ್ಟೆ ಒಗೆಯುತ್ತಿದ್ದಾಗ, ಫೋನ್ ಬಂತು. ಹಿಂದೆ ಬಸ್ಸಿನ ಸದ್ದು, ಜನರ ಸದ್ದು.

“ಬರೆದೆ ಸಾರ್.”

“ಹೇಗಿತ್ತು?”

“ಕೆಲವು ಬಂತು, ಕೆಲವು ಬರ್ಲಿಲ್ಲ. ಒಂದು ವಾರ ಹೆಚ್ಚಿಗೆ ಇದ್ದಿದ್ರೆ ಇನ್ನೂ ಎರಡು ಪ್ರಶ್ನೆ ಬರೀಬಹುದಿತ್ತು.” ಆಮೇಲೆ ಕೇಳಿದರು, “ಕೊನೇ ಪ್ರಶ್ನೆ ಏನು ಗೊತ್ತಾ? ತನ್ನ ಹತ್ರ ಇರೋ ಸಾಕ್ಷ್ಯಾನ ಕೋರ್ಟಿಗೆ ತರದೆ ಇಟ್ಕೊಂಡೋನ ಬಗ್ಗೆ ನ್ಯಾಯಾಧೀಶರು ಏನು ಊಹೆ ಮಾಡ್ಬಹುದು, ಉದಾಹರಣೆ ಕೊಟ್ಟು ವಿವರಿಸಿ ಅಂತ.”

ಬಕೆಟ್ಟಿನೊಳಗೆ ಕೊಳಾಯಿ ಸುರಿಯುತ್ತಲೇ ಇತ್ತು. ನಿಲ್ಲಿಸಿದೆ.

“ಬರೆದ್ರಾ?”

“ನಾನು ಹೇಳ್ತಾ ಹೋದೆ. ಬರ್ಕೊಳ್ಳೋಕೆ ಕೂತಿದ್ದಾಕೆಗೆ ಕೈ ನೋವು ಬಂತು. ಉದಾಹರಣೆ ಹುಡುಕೋ ಶ್ರಮ ಇರ್ಲಿಲ್ಲ ನೋಡಿ.”

“ಏನು ಊಹೆ ಮಾಡ್ಬಹುದು ಅಂತ ಹೇಳಿದ್ರಿ?”

“ಪುಸ್ತಕದಲ್ಲಿರೋದೇ. ಅದು ಹೊರಗೆ ಬಂದ್ರೆ ತನಗೇ ನಷ್ಟ ಅಂತ ಗೊತ್ತಿದ್ದೇ ಇಟ್ಕೊಂಡಿದ್ದಾನೆ ಅಂತ ಊಹಿಸಬಹುದು. ಏನು ನಷ್ಟ ಅನ್ನೋದು ಮಾತ್ರ ಪುಸ್ತಕದಲ್ಲಿಲ್ಲ. ಅದಕ್ಕೆ ಒಂದು ಸಾಲು ನಾನೇ ಸೇರಿಸ್ದೆ.”

“ಏನಂತ?”

“ಉತ್ತರಪತ್ರಿಕೆ ಒಳಗೆ ಹೋಯ್ತಲ್ಲ ಸಾರ್. ಅದೀಗ ದಾಖಲೆ.”

ಬಸ್ಸು ಬಂದಿರಬೇಕು. ಯಾರೋ ಹುಡುಗಿ “ಅಮ್ಮಾ, ಹತ್ತು,” ಎಂದದ್ದು ಕೇಳಿಸಿತು. ಫೋನ್ ಇಟ್ಟರು.

ಏಪ್ರಿಲ್ 21, ಸೋಮವಾರ

ಗ್ರಂಥಾಲಯದವರು ಹೊಸ ಪುಸ್ತಕ ಕೊಟ್ಟಿದ್ದಾರೆ. ಭೂಕಂಪಗಳ ಬಗ್ಗೆ. ಮೊದಲ ಅಧ್ಯಾಯ ಮುಗಿಸಿ ಈ ಸಲ ಕೂಡಲೇ ಕಳಿಸಿದೆ. ಸಂಯೋಜಕಿ ಫೋನ್ ಮಾಡಿ, “ಚೆನ್ನಾಗಿದೆ ಸಾರ್, ಆದ್ರೆ ನಡುನಡುವೆ ಧ್ವನಿ ಹೋಗುತ್ತೆ. ನಿಮ್ಮ ಯಂತ್ರ ಮತ್ತೆ ಕೆಟ್ಟಿರ್ಬೇಕು, ನೋಡಿ,” ಎಂದಳು.

ಕೇಬಲ್ ನೋಡಿದೆ. ಮೈಕ್ ಬದಲಿಸಿ ನೋಡಿದೆ. ಡಿಸ್ಕಿನ ತಪಾಸಣೆಯನ್ನೂ ಓಡಿಸಿದೆ. ಎಲ್ಲಿಯೂ ದೋಷವಿಲ್ಲ. ಆಮೇಲೆ ಮುದ್ರಿಸಿದ್ದನ್ನು ಹಚ್ಚಿ ಕೇಳಿದೆ. ಎರಡು ಗಂಟೆಯ ಫೋನಿನಲ್ಲಿ ತಕರಾರು ಎಬ್ಬಿಸುತ್ತಿದ್ದಂಥ ವಾಕ್ಯ ಬಂದಾಗಲೆಲ್ಲ, ಪುಟದ ಕೊನೆ ಬಂದಾಗಲೆಲ್ಲ, ಒಂದು ಖಾಲಿ ಜಾಗವಿದೆ. ಮೊದಲನೆಯದನ್ನು ಕತ್ತರಿಸಿ ತೆಗೆದೆ. ಎರಡನೆಯದನ್ನು ಕತ್ತರಿಸುವ ಮುಂಚೆ ಧ್ವನಿ ಏರಿಸಿ ಕೇಳಿದೆ. ಫ್ಯಾನ್ ತಿರುಗುತ್ತಿದೆ. ನಾನು ಪುಟ ಮಗುಚುತ್ತಿಲ್ಲ, ಕೆಮ್ಮುತ್ತಿಲ್ಲ, ನೀರು ಕುಡಿಯುತ್ತಿಲ್ಲ. ಉಸಿರು ಬಿಗಿಹಿಡಿದು ಕೂತಿದ್ದೇನೆ.